ಥಂಡಾ ಅಲ್ಲ, ಥಂಡರ್

ಹುಮನಾಬಾದ್ ಸಂತೆಯಲ್ಲಿ ಒಂದು ಹೆಣ್ಣು ಕುರಿಗೆ ಈಗ ಹತ್ತು ಹನ್ನೆರಡು ಸಾವಿರ ರೂಪಾಯಿ. ಗಬ್ಬದ ಕುರಿಯಾದರೆ ಇನ್ನೂ ಒಂದೆರಡು ಸಾವಿರ ಹೆಚ್ಚು. ರಸ್ತೆ ಬದಿಯ ಯುನೂಸನ ಹೋಟೆಲಿನಲ್ಲಿ ಒಂದು ಕಪ್ ಚಹಾಕ್ಕೆ ಹತ್ತು ರೂಪಾಯಿ. ಇಂಗ್ಲಿಷ್ ಶಬ್ದಕ್ಕೆ ಮಾತ್ರ ಬೆಲೆ ಇಲ್ಲ, ಕೇಳಿದರೆ ಯಾರಾದರೂ ಪುಕ್ಕಟೆ ಹೇಳುತ್ತಾರೆ. ಆದರೆ ನಮ್ಮೂರಿನ ಭೀಮಶಾ ಒಂದೇ ಒಂದು ಇಂಗ್ಲಿಷ್ ಶಬ್ದಕ್ಕೆ ಹನ್ನೊಂದು ಕುರಿ ತೆತ್ತ.

ಹೋದ ವರ್ಷ ಮೇ ತಿಂಗಳಲ್ಲಿ ನಡೆದದ್ದು ಅದು. ಭೀಮಶಾ ಕುರಿ ಹೊಡೆದುಕೊಂಡು ಹೊರಟವನು ದಿನದ ರೂಢಿಯಂತೆ ಬಸವಕಲ್ಯಾಣದ ರಸ್ತೆಯಲ್ಲಿ ಯುನೂಸನ ಹೋಟೆಲಿನ ಮುಂದೆ ನಿಂತ. ಅಷ್ಟರಲ್ಲಿ ಅವನ ಫೋನು ಕಿರ್ರೆಂದಿತು. ಭೀಮಶಾನಿಗೆ ಫೋನಿನಲ್ಲಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ.

“ಯುನೂಸ, ಏನ್ ಬಂದದ ನೋಡಪಾ.”

ಯುನೂಸ ಒಂದು ಕೈಯಲ್ಲಿ ಚಹಾ ಸೋಸುತ್ತಲೇ ಓದಿದ. “ಯೆಲ್ಲೋ ಅಲರ್ಟ್... ಥಂಡರ್‌ಸ್ಟಾರ್ಮ್... ಬೀದರ್ ಡಿಸ್ಟ್ರಿಕ್ಟ್.”

“ಹಂಗಂದ್ರ?”

“ಯೆಲ್ಲೋ ಅಂದ್ರ ಹಳದಿ, ಕಾಕಾ. ಮುಂದಿಂದು ನಂಗೂ ಪೂರಾ ತಿಳೀವಲ್ದು. ಥಂಡ... ಥಂಡ ಅಂತೇನೋ ಅದ.”

ಭೀಮಶಾನ ಮುಖ ಅರಳಿತು. ಹಳದಿ ಎಂದರೆ ಭಂಡಾರದ ಅರಿಶಿನ, ಕುರಿ ಕಾಯುವವರ ದೇವರು ಮೈಲಾರ ಮಲ್ಲಯ್ಯನ ಬಣ್ಣ. ಥಂಡಾ ಎಂದರೆ ತಂಪು. ಅಂಥ ಬೆಂಕಿ ಬಿಸಿಲಿನಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ?

“ಇವತ್ತ ಥಂಡಾ ಇರ್ತದಂತ!” ಎಂದು ಅವನು ಕುರಿಗಳನ್ನು ಎಂದಿಗಿಂತ ದೂರದ ಬೀಳು ಭೂಮಿಗೆ ಹೊಡೆದುಕೊಂಡು ಹೋದ.

ಮಧ್ಯಾಹ್ನ ಮೂರರ ಹೊತ್ತಿಗೆ ಕಪ್ಪು ಮೋಡ ಎದ್ದಿತು. ಮಳೆ ಬಿದ್ದೊಡನೆ ಕುರಿಗಳು ಒಂಟಿ ಹುಣಸೆ ಮರದ ಕೆಳಗೆ ಒತ್ತೊತ್ತಾಗಿ ನಿಂತವು. ಒಂದು ಮರಿ ಹಿಂದೆ ಉಳಿದಿತ್ತು. ಭೀಮಶಾ ಅದನ್ನು ತರಲು ಹೋದ, ಅದಕ್ಕೇ ಬದುಕಿದ. ಮರಿಯನ್ನು ಎತ್ತಿಕೊಂಡು ತಿರುಗುವಷ್ಟರಲ್ಲಿ ಸಿಡಿಲು ಬಿದ್ದಾಗಿತ್ತು. ನಲವತ್ತಮೂರು ಕುರಿಗಳಲ್ಲಿ ಹನ್ನೊಂದು ಮರದ ಬುಡದಲ್ಲೇ ಸತ್ತು ಬಿದ್ದವು.

ಅಂದಿನಿಂದ ಅವನು ಯುನೂಸನ ಹೋಟೆಲಿಗೆ ಕಾಲಿಡಲಿಲ್ಲ. ಯಾಕೆಂದು ಹೆಂಡತಿ ಮಾಣಿಕಮ್ಮನಿಗೂ ಹೇಳಲಿಲ್ಲ.

ನಮ್ಮೂರಿನಲ್ಲಿ ಸುಜಾತಾ ಎಂಬ ಹೆಣ್ಣುಮಗಳಿದ್ದಾಳೆ. ಕೂಲಿ ಮಾಡುವವರ ಮನೆಯವಳು. ಹತ್ತನೆಯ ತರಗತಿಯ ಪರೀಕ್ಷೆಗೆ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿ, ಮೂರನೆಯ ಸಲಕ್ಕೆ ಪಾಸಾದವಳು. ಈಗ ಅವಳು ಪಶು ಸಖಿ. ಕುರಿ ಮೇಕೆಗೆ ಜಂತಿನ ಔಷಧ ಕುಡಿಸುವುದು, ಲಸಿಕೆ ಹಾಕುವ ದಿನ ತಿಳಿಸುವುದು ಅವಳ ಕೆಲಸ. ಯಾರ ಮನೆಯ ಕುರಿ ಕುಂಟಿದರೂ ಕರೆಯುವ ಮೊದಲೇ ಬಾಗಿಲಲ್ಲಿ ಇರುತ್ತಾಳೆ. ಈ ವರ್ಷದ ಮೊದಲಿಗೆ ಬಸವಕಲ್ಯಾಣದಲ್ಲಿ ತರಬೇತಿ ಮುಗಿಸಿ ಬಂದವಳು ಒಂದು ನೋಟ್‌ಬುಕ್ ತೋರಿಸಿದಳು. ಹವಾಮಾನದ ಇಂಗ್ಲಿಷ್ ಶಬ್ದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಪ್ರತಿ ಮಂಗಳವಾರ ಸ್ವಸಹಾಯ ಸಂಘದ ಹೆಂಗಸರಿಗೆ ನಾಲ್ಕು ಶಬ್ದ ಕಲಿಸುತ್ತೇನೆಂದಳು.

ಮೊದಲ ಮಂಗಳವಾರ ಸಂಘ ಸೇರಿದ್ದು ಮಾಣಿಕಮ್ಮನ ಅಂಗಳದಲ್ಲಿ. ಭೀಮಶಾ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕುಳಿತಿದ್ದ.

“ಈ ವಯಸ್ಸಿನಾಗ ಇಂಗ್ಲಿಷ್ ಕಲ್ತು ಕಲೆಕ್ಟರ್ ಆಗ್ತೀರೇನು ಎಲ್ಲಾರೂ?” ಎಂದ.

“ಆದ್ರ ಮೊದ್ಲ ನಿಮ್ಮ ಬೀಡಿ ಬಂದ್ ಮಾಡ್ಸ್ತೀನ್ರಿ,” ಎಂದಳು ಮಾಣಿಕಮ್ಮ. ಹೆಂಗಸರು ನಕ್ಕರು.

ಸುಜಾತಾ ಶುರು ಮಾಡಿದಳು. “ವೆದರ್ ಅಂದ್ರ ಇವತ್ತಿನ ಹವಾ. ಕ್ಲೈಮೇಟ್ ಅಂದ್ರ ಮೂವತ್ತು ನಲವತ್ತು ವರ್ಷದ ಹವಾದ ರೂಢಿ. ಇವತ್ತಿನ ಸಂತ್ಯಾಗ ಉಳ್ಳಾಗಡ್ಡಿ ಏನ್ ದರ ಅಂತ ನೋಡೂದು ವೆದರ್. ಯಾವ ತಿಂಗಳದಾಗ ದರ ಏರ್ತದ, ಯಾವಾಗ ಇಳೀತದ ಅಂತ ನಮ್ಮವ್ವಗ ಗೊತ್ತಿತ್ತಲ್ಲ, ಅದು ಕ್ಲೈಮೇಟ್. ಈಗ ಹವಾದ ಆ ರೂಢಿ ಕೆಟ್ಟದ ನೋಡ್ರಿ, ಅದಕ್ಕ ಕ್ಲೈಮೇಟ್ ಚೇಂಜ್ ಅಂತಾರ.”

“ಅದು ಖರೇ,” ಎಂದ ಭೀಮಶಾ, ಕೇಳಿಸಿಕೊಳ್ಳುತ್ತಿಲ್ಲವೆಂದು ತೋರಿಸಿಕೊಳ್ಳುತ್ತಿದ್ದವನು. “ನಮ್ಮಪ್ಪ ಗಾಳಿ ಮೂಸಿ ಮಳಿ ಹೇಳ್ತಿದ್ದ. ನಾನೂ ಹೇಳ್ತಿದ್ದೆ. ಈಗ ಆಕಾಶಾನೇ ಸುಳ್ಳು ಹೇಳಾಕತ್ತದ.”

“ನಮ್ಮೂರಾಗ ಅಷ್ಟೇ ಅಲ್ಲ ಕಾಕಾ. ಗ್ಲೋಬಲ್ ಅಂದ್ರ ಭೂಮಿ ತುಂಬ. ವಾರ್ಮಿಂಗ್ ಅಂದ್ರ ಕಾವು ಏರೂದು. ಕಲ್ಲಿದ್ದಲು, ಡೀಸೆಲ್ ಸುಟ್ಟ ಹೊಗಿ ಮ್ಯಾಲ ಸೇರಿ ಭೂಮಿಗಿ ಕಂಬಳಿ ಹೊದಿಸ್ದಂಗ ಆಗ್ಯಾದ.”

“ಮೇ ತಿಂಗಳದಾಗ ಕಂಬಳಿ! ಯಾವ ಶಾಣ್ಯಾ ಹೊದಿಸ್ಯಾನ?”

“ದೊಡ್ಡ ದೇಶದವ್ರು ಜಾಸ್ತಿ ನೇಯ್ದಾರ, ನಾವೂ ಒಂದೆರಡು ಎಳಿ ಹಾಕೇವಿ. ಅದರಿಂದ ಸಮುದ್ರ ಕಾಯಾಕತ್ತದ. ಒಂದ್ ಕಡಿ ಒಮ್ಮಿಗೇ ಮಳಿ ಸುರಿದು ಊರು ಮುಳಗ್ತಾವ, ಅದು ಫ್ಲಡ್. ಇನ್ನೊಂದು ಕಡಿ ಹನಿ ಇಲ್ಲ, ಅದು ಡ್ರೌಟ್. ದಿನಗಟ್ಲೆ ಬೆಂಕಿ ಬಿಸಿಲು ಬಡೀತದಲ್ಲ, ಅದು ಹೀಟ್ ವೇವ್. ಇನ್ನ ಥಂಡರ್‌ಸ್ಟಾರ್ಮ್. ಥಂಡರ್ ಅಂದ್ರ ಗುಡುಗು. ಗುಡುಗು ಸಿಡ್ಲು ಗಾಳಿ ಮಳಿ ಎಲ್ಲಾ ಕೂಡಿ ಬರೂದು.”

ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತು.

“ಏನಂದಿ?” ಎಂದ ಭೀಮಶಾ. “ಥಂಡರ್ ಅಂದ್ರ ಥಂಡಾ ಅಲ್ಲೇನು?”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮಾಣಿಕಮ್ಮ ನಗಲಿಲ್ಲ. ಅವಳು ಗಂಡನ ಮುಖ ನೋಡಿದಳು. ಅವನಿಗೆ ಮೆಸೇಜು ಓದಿ ಹೇಳುತ್ತಿದ್ದವನು ಯುನೂಸನೇ. ಹೋದ ವರ್ಷ ಅವನು ಅಷ್ಟು ದೂರ ಯಾಕೆ ಹೋದ, ಯುನೂಸನ ಹೋಟೆಲು ಯಾಕೆ ಬಿಟ್ಟ ಎಂಬುದೆಲ್ಲ ಅವಳಿಗೆ ಆ ಗಳಿಗೆಯಲ್ಲೇ ತಿಳಿಯಿತು. ಭೀಮಶಾ ಹಗ್ಗ ಬಿಸಾಡಿ ಎದ್ದ.

“ಶಬ್ದ ಕಲ್ತ್ರ ಸಿಡ್ಲು ನಿಲ್ತದೇನು? ಬರೇ ಬಾಯಿಪಾಠ!” ಎಂದು ಹೊರಗೆ ಹೋದ.

ಮಾಣಿಕಮ್ಮನಿಗೆ ಒಂದಕ್ಷರವೂ ಬರುವುದಿಲ್ಲ. ಆದರೆ ಅಂದಿನಿಂದ ಅವಳು ಕಲಿತ ಬಗೆಯನ್ನು ನೋಡಬೇಕಿತ್ತು. ರೊಟ್ಟಿ ಬಡಿಯುತ್ತ ಶಬ್ದಗಳನ್ನು ಹೇಳಿಕೊಳ್ಳುವಳು. ಉಣ್ಣೆ ನೂಲುತ್ತ ಹೇಳಿಕೊಳ್ಳುವಳು. ಫೋನಿಗೆ ಬಂದ ಮೆಸೇಜನ್ನು ಫೋನೇ ಗಟ್ಟಿಯಾಗಿ ಓದುವಂತೆ ಸುಜಾತಾಳಿಂದ ಮಾಡಿಸಿಕೊಂಡಳು. ಹಳೆಯ ಸೀರೆಗಳಿಂದ ನಾಲ್ಕು ಪಟ್ಟಿ ಹರಿದಳು: ಹಸಿರು, ಹಳದಿ, ಕಿತ್ತಳೆ, ಕೆಂಪು. ಹಸಿರಿದ್ದರೆ ಚಿಂತೆಯಿಲ್ಲ. ಹಳದಿ, ಯೆಲ್ಲೋ ಎಂದರೆ ಗಮನವಿಡಿ. ಕಿತ್ತಳೆ, ಆರೇಂಜ್ ಎಂದರೆ ತಯಾರಾಗಿ. ಕೆಂಪು, ರೆಡ್ ಎಂದರೆ ಈಗಲೇ ಜೀವ ಉಳಿಸಿಕೊಳ್ಳುವ ಕೆಲಸ ಮಾಡಿ. ದಿನವೂ ಬೆಳಿಗ್ಗೆ ಆ ದಿನದ ಬಣ್ಣವನ್ನು ಬಾಗಿಲ ಚೌಕಟ್ಟಿಗೆ ಕಟ್ಟತೊಡಗಿದಳು. ಹೊಲಕ್ಕೆ ಹೋಗುವವರು, ದನ ಹೊಡೆಯುವವರು ಒಮ್ಮೆ ಅತ್ತ ನೋಡಿ ಮುಂದೆ ಹೋಗುವುದು ರೂಢಿಯಾಯಿತು.

ಭೀಮಶಾನಿಗೆ ಮಾತ್ರ ಸಿಟ್ಟು.

“ಮಲ್ಲಯ್ಯನ ಬಣ್ಣ ಕಟ್ಟಿ ಜನಕ್ಕ ಅಂಜಸ್ತೀಯೇನು? ಭಂಡಾರ ಅಪಶಕುನ ಆತೇನು?”

“ಅಂಜಸೂದಲ್ರಿ. ಕಾಯೂ ದೇವ್ರು ಮುಂಚೇನ ‘ಹುಷಾರ್’ ಅಂತಾನ. ಕೇಳೂದು ಬಿಡೂದು ನಮ್ಮ ಕೈಯಾಗ ಅದ.”

ಈ ವರ್ಷ ಏಪ್ರಿಲ್‌ನಲ್ಲಿ ಎರಡು ಸಲ ಹಳದಿ ಪಟ್ಟಿ ಕಟ್ಟಿದಳು. ಎರಡು ಸಲವೂ ಮೋಡ ಬಂದು ಹೋಯಿತು, ಹನಿ ಬೀಳಲಿಲ್ಲ.

“ಎಲ್ಲದನವ್ವಾ ನಿನ್ನ ಥಂಡರ್?” ಎಂದು ಭೀಮಶಾ ಸುಜಾತಾಳನ್ನು ಕೆಣಕಿದ.

ಸುಜಾತಾ ಬೇಸರಪಡಲಿಲ್ಲ. “ಮೆಸೇಜಿನಾಗ ಲೈಕ್ಲಿ ಅಂತ ಒಂದು ಶಬ್ದ ಇರ್ತದ ಕಾಕಾ.”

“ಗೊತ್ತದ. ಫೋನಿನ್ಯಾಗ ಹೆಬ್ಬೆಟ್ಟು ಒತ್ತೂದು.”

“ಅದು ಲೈಕ್. ಇದು ಲೈಕ್ಲಿ. ಬರೂ ಸಂಭವ ಅದ ಅಂತ ಅರ್ಥ. ಬಂದೇ ಬರ್ತದ ಅಂತಲ್ಲ. ನೀವು ದಿನಾ ನಾಯಿ ಕರ್ಕೊಂಡು ಹೋಗ್ತೀರಿ. ದಿನಾ ತೋಳ ಬರ್ತದೇನು?”

ಭೀಮಶಾ ನಾಯಿಯನ್ನು ಕರೆದುಕೊಂಡು ಕುರಿಗಳತ್ತ ನಡೆದ.

ಮೇ ಹತ್ತೊಂಬತ್ತು. ಸುಜಾತಾ ಮೀಟಿಂಗಿಗೆಂದು ಬಸವಕಲ್ಯಾಣಕ್ಕೆ ಹೋಗಿದ್ದಳು. ಮಧ್ಯಾಹ್ನ ಒಂದು ಗಂಟೆಗೆ ಮಾಣಿಕಮ್ಮನ ಫೋನು ಕೂಗಿಕೊಂಡಿತು. ಅವಳು ಗುಂಡಿ ಒತ್ತಿದಳು. ಫೋನು ಓದಿತು: “ಆರೇಂಜ್ ಅಲರ್ಟ್. ಥಂಡರ್‌ಸ್ಟಾರ್ಮ್ ವಿತ್ ಲೈಟ್ನಿಂಗ್ ವೆರಿ ಲೈಕ್ಲಿ.” ಇನ್ನೂ ಏನೇನೋ ಇತ್ತು. ಅದು ಅವಳಿಗೆ ತಿಳಿಯಲಿಲ್ಲ. ಆರೇಂಜ್ ತಿಳಿಯಿತು. ಥಂಡರ್ ತಿಳಿಯಿತು. ಲೈಟ್ನಿಂಗ್ ಎಂದರೆ ಮಿಂಚು ಸಿಡಿಲು. ಲೈಕ್ಲಿಗಿಂತ ಮೊದಲು ವೆರಿ ಎಂದಿತ್ತು, ಅಂದರೆ ಬಹಳ. ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ. ಅವಳು ಯಾರಿಗೂ ಕಾಯಲೂ ಇಲ್ಲ. ಕಿತ್ತಳೆ ಪಟ್ಟಿ ಕಟ್ಟಿ, ಗಂಡನಿಗೆ ಫೋನು ಹಚ್ಚಿದಳು.

“ಕುರಿ ಹೊಡ್ಕೊಂಡು ಈಗಿಂದೀಗ ತಿರಗ್ರಿ. ಆರೇಂಜ್ ಬಂದದ.”

“ಹುಚ್ಚಿ ಆಗೀದಿಯೇನು? ಒಂದು ಮೋಡ ಇಲ್ಲ. ಬಿಸಿಲಿಗಿ ನೆತ್ತಿ ಒಡ್ಯಾಕತ್ತದ.”

“ಹೋದ ವರ್ಷ ಮುಂಜಾನಿ ಮೋಡ ಇತ್ತೇನ್ರಿ?”

ಮಾಣಿಕಮ್ಮ ದನಿ ತಗ್ಗಿಸಿದಳು. “ಹನ್ನೊಂದು ಕುರಿ ಕೊಟ್ಟು ಆ ಒಂದು ಶಬ್ದ ತಗೊಂಡೇವಿ. ತಗೊಂಡಿದ್ದು ಬಳಸ್ದೇ ಸಂದೂಕದಾಗ ಇಡೂದೇನ್ರಿ?”

ಭೀಮಶಾ ಕುರಿಗಳನ್ನು ಕೂಗಿ ತಿರುಗಿಸುವುದು ಕೇಳಿಸಿತು. ಆಮೇಲೆ ಕೇಳಿದ, “ಮನಿ ಮುಟ್ಟಾಕ ಎರಡು ತಾಸು ಬೇಕು. ಎಲ್ಲಿ ಹೋಗ್ಲಿ?”

“ಯುನೂಸನ ಹೋಟೆಲ್ ಹಿಂದಿನ ಗೋದಾಮು ಹತ್ರ ಅದ. ಸ್ಲ್ಯಾಬಿನ ಕಟ್ಟಡ. ಅಲ್ಲಿಗೇ ಹೋಗ್ರಿ.”

“ಯುನೂಸಂದಾ?”

“ಹೌದ್ರಿ, ಯುನೂಸಂದೇ.”

ದಾರಿಯಲ್ಲಿ ಭೀಮಶಾನಿಗೆ ನಿರ್ಣಾ ಊರಿನ ಕಡೆಯ ಗೆಳೆಯ ಕಲ್ಲಿನಾಥ ನೆನಪಾದ. ಅವನೂ ಕುರಿಯವನೇ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುವವನು. ಭೀಮಶಾ ನಡೆಯುತ್ತಲೇ ಫೋನು ಮಾಡಿದ.

“ಲೇ ಕಲ್ಲ್ಯಾ, ಥಂಡರ್ ಬರಾಕತ್ತದಂತ. ಗಿಡದ ಬುಡಕ ಕುಂದರಬ್ಯಾಡ. ಕುರಿ ಕರ್ಕೊಂಡು ಸಾಲಿ ಕಟ್ಟಡಕ್ಕ ಹೋಗು.”

“ಥಂಡಾ ಬರ್ತದ? ಬರ್ಲಿ ಬಿಡೋ ಮಾರಾಯಾ, ಮೈ ಸುಡಾಕತ್ತದ!”

“ಥಂಡಾ ಅಲ್ಲೋ, ಥಂಡರ್!” ಎಂದು ಭೀಮಶಾ ಕೂಗಿದ. “ನಾನೂ ಥಂಡಾ ಅಂತಾನ ತಿಳಿದಿದ್ದೆ. ಅದಕ್ಕೇ ಹೋದ್ವು ನನ್ನ ಹನ್ನೊಂದು. ಏಳು, ಮೊದ್ಲ ಏಳು!”

ಕಲ್ಲಿನಾಥ ಎದ್ದ. ಗೆಳೆಯನ ಬಾಯಿಂದ ಆ ಮಾತನ್ನು ಅವನು ಅದೇ ಮೊದಲು ಕೇಳಿದ್ದ.

ಭೀಮಶಾ ಗೋದಾಮು ಮುಟ್ಟುವ ಹೊತ್ತಿಗೆ ಪಡುವಣ ಕಪ್ಪಾಗಿತ್ತು. ಯುನೂಸ ಏನೂ ಕೇಳದೆ ಶಟರ್ ಎತ್ತಿದ, ಖಾಲಿ ಚೀಲಗಳನ್ನು ಬದಿಗೆ ಸರಿಸಿದ. ಕುರಿಗಳೆಲ್ಲ ಒಳಗಾದವು. ಅರ್ಧ ತಾಸಿಗೆ ಗಾಳಿ ಎದ್ದಿತು. ಆಮೇಲೆ ಆಲಿಕಲ್ಲು, ಮಿಂಚು, ಗೋಡೆ ನಡುಗಿಸುವ ಗುಡುಗು.

“ಕಾಕಾ,” ಎಂದ ಯುನೂಸ, ಚಹಾದ ಕಪ್ಪು ಕೈಗಿಟ್ಟು. “ವರ್ಷ ಆತು ನೀವು ಈ ಕಡಿ ಬರ್ದೇ. ನನ್ನಿಂದ ಏನ್ ತಪ್ಪಾಗಿತ್ತು?”

“ನೀ ಓದಿದ್ದು ಸರಿ ಇತ್ತಪಾ. ನಾ ಕೇಳಿದ್ದು ತಪ್ಪು. ಇಬ್ಬರಿಗೂ ಅರ್ಥ ಗೊತ್ತಿರ್ಲಿಲ್ಲ, ಅಷ್ಟೇ.”

ಕೊನೆಯ ಗುಡುಗು ನಿಂತ ಮೇಲೂ ಅರ್ಧ ತಾಸು ಯಾರೂ ಹೊರಗೆ ಹೋಗಲಿಲ್ಲ. ಅದೂ ಮಾಣಿಕಮ್ಮ ಫೋನಿನಲ್ಲಿ ಹೇಳಿದ್ದೇ. ಸಂಜೆ ಕಲ್ಲಿನಾಥನ ಫೋನು ಬಂತು. ಅವನು ಬುತ್ತಿ ಬಿಚ್ಚಿದ್ದ ಆ ಬೇವಿನ ಮರ ಬುಡದ ತನಕ ಸೀಳಿಹೋಗಿತ್ತು. ಬುತ್ತಿಯ ಬಟ್ಟೆ ಅಲ್ಲೇ ಸುಟ್ಟು ಬಿದ್ದಿತ್ತು.

ಮರುದಿನ ಮಂಗಳವಾರ. ಸಂಘ ಸೇರುವ ಮೊದಲೇ ಭೀಮಶಾ ಅಂಗಳದಲ್ಲಿ ಚಾಪೆ ಹಾಸಿದ್ದ. ಸುಜಾತಾ ಬಂದೊಡನೆ ಕೇಳಿದ, “ಇವತ್ತ ಯಾವ ನಾಲ್ಕು ಶಬ್ದ ಯವ್ವಾ?”

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಫೋನಿಗೂ ಇಂಥ ಮೆಸೇಜು ಬರುತ್ತದೆ. ತಿಳಿಯದಿದ್ದರೆ ಊಹೆ ಮಾಡಬೇಡಿ, ತಿಳಿದವರನ್ನು ಕೇಳಿ. ತಿಳಿದಿದ್ದರೆ ಇನ್ನೊಬ್ಬರಿಗೆ ಹೇಳಿ. ಹೀಟ್ ವೇವ್ ಎಂದರೆ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ನೀವೂ ನಿಮ್ಮ ದನಕುರಿಯೂ ನೆರಳಲ್ಲಿರಿ, ಮೇಲಿಂದ ಮೇಲೆ ನೀರು ಕುಡಿಯಿರಿ, ಕುಡಿಸಿರಿ. ಥಂಡರ್‌ಸ್ಟಾರ್ಮ್ ಎಂದರೆ ಗಟ್ಟಿ ಕಟ್ಟಡ ಸೇರಿಕೊಳ್ಳಿ. ಒಂಟಿ ಮರ, ಕರೆಂಟಿನ ಕಂಬ, ಕೆರೆಯ ನೀರು, ತಂತಿ ಬೇಲಿಯಿಂದ ದೂರವಿರಿ. ಬಯಲಿನಲ್ಲಿ ಸಿಕ್ಕಿಬಿದ್ದರೆ ಕೊಡಲಿ, ಕೊಡೆ ದೂರ ಇಟ್ಟು, ಕಾಲು ಜೋಡಿಸಿ, ತಲೆ ತಗ್ಗಿಸಿ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ. ನೆಲದ ಮೇಲೆ ಮಲಗಬೇಡಿ. ನಾಲ್ಕು ಬಣ್ಣದ ನಾಲ್ಕು ಪಟ್ಟಿ ಬಟ್ಟೆ ಎಲ್ಲರ ಮನೆಯಲ್ಲೂ ಇರುತ್ತದೆ. ಇವತ್ತೇ ಹರಿದಿಟ್ಟು, ಆಯಾ ದಿನದ ಬಣ್ಣವನ್ನು ಬಾಗಿಲಿಗೆ ಕಟ್ಟಿ.

ಹೋದ ವರ್ಷ ಒಂದು ಶಬ್ದ ತಿಳಿಯದೆ ಹನ್ನೊಂದು ಕುರಿ ಹೋದವು. ಈ ವರ್ಷ ಅದು ತಿಳಿದಿತ್ತು. ಒಂದು ಬೇವಿನ ಮರ ಹೋಯಿತು. ಹೊಸ ಮರಿಗಳೂ ಸೇರಿ ಭೀಮಶಾನ ಮೂವತ್ತೊಂಬತ್ತು ಕುರಿ, ಕಲ್ಲಿನಾಥನ ಐವತ್ತೆರಡು ಕುರಿ, ಕಲ್ಲಿನಾಥ, ಎಲ್ಲರೂ ಉಳಿದರು.