ಮೆಣಸಿನಕಾಯಿಯ ಕಡೆಗೆ ಒಂದು ಬಾಣ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬ್ಯಾಡಗಿಯಲ್ಲಿ ನನ್ನ ಕೈಯಲ್ಲಿ ಕಲಿತವರು ಯಾರಾದರೂ ಇದನ್ನು ಓದಿ, ಇಂದಿರಾಬಾಯಾರು ಮುಖ್ಯವಾದದ್ದನ್ನೇ ಮುಚ್ಚಿಟ್ಟರು ಎಂದು ನಕ್ಕಾರು.

ಅದು ಎಂಬತ್ತೇಳನೆಯ ಇಸವಿಯ ಫೆಬ್ರುವರಿ. ಏಳನೆಯ ಇಯತ್ತೆಗೆ ವಿಜ್ಞಾನ ಹೇಳುತ್ತಿದ್ದೆ. ಪಬ್ಲಿಕ್ ಪರೀಕ್ಷೆಗೆ ಇನ್ನು ಎರಡು ತಿಂಗಳೂ ಇರಲಿಲ್ಲ. ಭೂಮಿಯ ಮೇಲೆ ನೀರು ಹೇಗೆ ಸುತ್ತುತ್ತದೆ ಎನ್ನುವ ಪಾಠ ನನಗೆ ಅಚ್ಚುಮೆಚ್ಚು. ಹನ್ನೊಂದು ವರ್ಷ ಒಂದೇ ರೀತಿ ಹೇಳಿದ್ದೆ. ಸಮುದ್ರದ ನೀರು ಉಪ್ಪನ್ನು ಅಲ್ಲೇ ಬಿಟ್ಟು ಆವಿಯಾಗಿ ಮೇಲೇರುತ್ತದೆ. ಮೋಡವಾಗಿ ಗಾಳಿಯ ಜೊತೆ ಬರುತ್ತದೆ. ಮಳೆಯಾಗಿ ಸುರಿಯುತ್ತದೆ. ವರದೆಯಲ್ಲಿ ಹರಿದು ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡಿ ಮತ್ತೆ ಸಮುದ್ರಕ್ಕೆ ಹೋಗುತ್ತದೆ. ಪುಸ್ತಕದ ಚಿತ್ರದಲ್ಲಿ ನಾಲ್ಕು ಬಾಣಗಳಿದ್ದವು. ನಾನೂ ಬೋರ್ಡಿನ ಮೇಲೆ ನಾಲ್ಕೇ ಬಾಣ ಬರೆದು, ನೋಡಿ ಚಿತ್ರ ತೆಗೆಯಿರಿ ಎಂದು ಮಕ್ಕಳಿಗೆ ಹೇಳಿದೆ.

ಕೊನೆಯ ಸಾಲಿನ ರೋಷನಬಿ ಐದು ಬರೆದಿದ್ದಳು. ಅವಳ ತಾಯಿ ಅಕ್ಬರಬಿ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಕೆಲಸದವಳು. ತಂದೆ ಇರಲಿಲ್ಲ. ಹುಡುಗಿ ಜಾಣೆ, ಮಾತು ಕಡಿಮೆ. ಅವಳ ಹತ್ತಿರ ವಿಜ್ಞಾನದ ಪುಸ್ತಕ ಇರಲಿಲ್ಲವೆಂದು ನನ್ನದನ್ನೇ ಕೊಟ್ಟಿದ್ದೆ, ಪೆನ್ಸಿಲ್ಲಿನ ಒಂದು ಗೀಟು ಬಿದ್ದರೂ ಹೊಳ್ಳಿ ಇಸಕೊಳ್ಳುವೆನೆಂದು ಹೆದರಿಸಿ. ಅವಳ ನೋಟುಬುಕ್ಕಿನಲ್ಲಿ ನಾಲ್ಕು ಬಾಣಗಳು ನೆಟ್ಟಗಿದ್ದವು. ಐದನೆಯದು ಬರೀ ಗಾಳಿಯಿಂದ ಹೊರಟು ಕೆಂಪು ಬಣ್ಣದ ಒಂದು ರಾಶಿಗೆ ಬಂದು ಮುಟ್ಟಿತ್ತು. ಇದೇನು ಎಂದು ಕೇಳಿದೆ.

“ಮೆಣಸಿನಕಾಯಿ ರಾಶಿರೀ ಬಾಯಾರ. ರಾತ್ರಿ ಗಾಳ್ಯಾಗಿನ ನೀರು ಅದರೊಳಗ ಹೋಗ್ತೈತ್ರಿ. ಮುಂಜಾನೆ ಮೆತ್ತಗಾಗಿರ್ತಾವು. ಬಿಸಲೇರಿದ ಮ್ಯಾಲ ಆ ನೀರು ಹೊಳ್ಳಿ ಹೋಗ್ತೈತ್ರಿ.”

ಪಾಠದಲ್ಲಿ ಇಲ್ಲದ್ದನ್ನು ಬರೆದಿದ್ದಾಳೆ ಎಂಬುದಷ್ಟೇ ನನ್ನ ತಲೆಗೆ ಹೋಯಿತು. ನಾಲಿಗೆ ಹರಿಬಿಟ್ಟೆ.

“ಮಳಿ ಇಲ್ಲದ ನೀರು ಎಲ್ಲಿಂದ ಬಂತು? ನಿಮ್ಮವ್ವ ತಂಬಿಗಿ ತಗೊಂಡು ಹೊಡದಿರಬೇಕು ನೋಡು.”

ತರಗತಿ ಗೊಳ್ಳೆಂದು ನಕ್ಕಿತು. ಸುಳ್ಳೇಕೆ ಹೇಳಲಿ, ನಾನೂ ನಕ್ಕೆ. ಐದನೆಯ ಬಾಣದ ಮೇಲೆ ಕೆಂಪು ಮಸಿಯಲ್ಲಿ ಕಾಟು ಹೊಡೆದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ನೀರು ಹೊಡೆದರು ಎನ್ನುವುದು ಚೇಷ್ಟೆಯ ಮಾತಲ್ಲ. ತೂಕ ಹೆಚ್ಚಿಸಲು ಮೋಸ ಮಾಡಿದರು ಎಂದೇ ಅದರ ಅರ್ಥ. ಈ ಊರಿನ ಅನ್ನ ತಿನ್ನುತ್ತ ಹನ್ನೊಂದು ವರ್ಷವಾಗಿದ್ದ ನನಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಆದರೂ ಅಂದೆ.

ಮರುದಿನ ರೋಷನಬಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಅವಳ ಓಣಿಯ ಹುಡುಗಿಯೊಬ್ಬಳನ್ನು ಕೇಳಿದಾಗ, ರೋಷನಬಿ ಶಾಲೆ ಬಿಟ್ಟಳು, ಅವ್ವನ ಜೊತೆ ಪೇಟೆಗೆ ಹೋಗುತ್ತಿದ್ದಾಳೆ ಎಂದಳು. ಸುಗ್ಗಿಯಲ್ಲಿ ಪೇಟೆಗೆ ಹೋದ ಹೆಣ್ಣುಮಕ್ಕಳು ಶಾಲೆಗೆ ತಿರುಗಿ ಬಂದದ್ದನ್ನು ನಾನು ಹೆಚ್ಚು ಕಂಡಿರಲಿಲ್ಲ.

ನಾಲ್ಕನೆಯ ದಿನ ನಸುಕಿನಲ್ಲೇ ಪೇಟೆಗೆ ಹೋದೆ. ಘಾಟಿಗೆ ಸೀನಿ ಸೀನಿ ಸಾಕಾಯಿತು. ಅಷ್ಟು ಹೊತ್ತಿಗೇ ಹೆಂಗಸರು ತಗಡಿನ ಛಾವಣಿಯ ಕೆಳಗೆ ಸಾಲಾಗಿ ಕುಳಿತು ಕೆಲಸ ನಡೆಸಿದ್ದರು. ಅಕ್ಬರಬಿ ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಮಗಳು. ನನ್ನನ್ನು ನೋಡಿದ ಕೂಡಲೇ ರೋಷನಬಿ ಎದ್ದು ಚೀಲಗಳ ಹಿಂದೆ ಹೋದಳು.

ಇಷ್ಟು ಲಗೂ ಯಾಕೆ ಕೆಲಸ ಶುರು ಮಾಡುತ್ತೀರಿ ಎಂದು ಮಾತು ತೆಗೆಯುವುದಕ್ಕಾಗಿ ಕೇಳಿದೆ. ಅಕ್ಬರಬಿ ರಾಶಿಯಿಂದ ಒಂದು ಕಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಮಡಚಿದೆ. ಮೆತ್ತಗೆ ಬಾಗಿತು, ಮುರಿಯಲಿಲ್ಲ. ಬಿಸಿಲೇರಿದ ಮೇಲೆ ಇದೇ ಕಾಯಿ ಹಪ್ಪಳದಂತೆ ಪುಡಿಯಾಗುತ್ತದೆ, ಬೀಜವೆಲ್ಲ ಉದುರಿ ಹೋಗುತ್ತದೆ, ಅದಕ್ಕೇ ನಸುಕಿನ ಕೆಲಸ ಎಂದು ಆಚೆಯ ಮುದುಕಿ ಹೇಳಿದಳು. ನಾನು ಕೆಳಗೆ ನೋಡಿದೆ, ನೆಲ ಒಣಗಿತ್ತು. ಮೇಲೆ ನೋಡಿದೆ, ತಗಡಿನಲ್ಲಿ ಒಂದು ತೂತೂ ಇರಲಿಲ್ಲ. ಇಬ್ಬನಿಗೂ ಬೀಳಲು ದಾರಿಯಿಲ್ಲದ ಕಡೆ ಕಾಯಿಗಳು ತಾವಾಗಿಯೇ ಗಾಳಿಯಿಂದ ನೀರು ಕುಡಿದಿದ್ದವು. ರೋಷನಬಿ ಬರೆದದ್ದು ಖರೇ ಇತ್ತು.

ನಾನು ತಪ್ಪಾಯಿತು ಅಂದೆ. ಮಗಳನ್ನು ಕಳಿಸವ್ವಾ ಎಂದು ಕೇಳಿಕೊಂಡೆ. ಅಕ್ಬರಬಿಯ ಕೈ ನಿಲ್ಲಲಿಲ್ಲ.

“ಹೊಡದಿದ್ರ ಬರತಿದ್ಲು ಬಾಯಾರ. ನೀವು ನಕ್ಕೀರಿ,” ಎಂದಳು. ಇನ್ನೊಂದು ಕಾಯಿ ಎತ್ತಿಕೊಂಡು ಮತ್ತೆ ಹೇಳಿದಳು, “ಹದಿನಾಲ್ಕು ವರ್ಷ ಆತು ನಾ ಇಲ್ಲೆ ಕುಂತು. ಮೊನ್ನೆ ಮೊದಲನೇ ಸಲ ನನ್ನ ರಾಶಿಯೊಳಗ ಕೈ ಹಾಕಿ ಮೂಸಿ ನೋಡಿದ್ರು.”

ಮೂಸಿ ನೋಡಿದವರು ಅವಳು ಕೆಲಸ ಮಾಡುವ ಅಂಗಡಿಯ ಯಜಮಾನರಾದ ಅಣ್ಣಾಜಿಯವರು. ಅವರ ಮಗ ಚಂದ್ರಶೇಖರ ನನ್ನದೇ ತರಗತಿಯಲ್ಲಿದ್ದ. ನನ್ನ ಮಾತನ್ನು ಅವನು ಊಟಕ್ಕೆ ಕುಳಿತಾಗ ಮನೆಯಲ್ಲಿ ಹೇಳಿದ್ದ. ನಾನು ನೆಟ್ಟಗೆ ಅವರ ಗಾದಿಯ ಮುಂದೆ ಹೋಗಿ ನಿಂತೆ. ಅಲ್ಲಿ ಹಮಾಲರು, ಗುಮಾಸ್ತರು ಎಲ್ಲರೂ ಇದ್ದರು. ನಾನು ಆಡಿದ್ದು ತಿಳಿಯದೆ ಆಡಿದ ಮಾತು, ಅಕ್ಬರಬಿಯ ಕೈಯಲ್ಲಿ ಯಾವ ಮೋಸವೂ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅಣ್ಣಾಜಿಯವರು ಗಾಬರಿಯಾಗಿ ಕುರ್ಚಿ ತರಿಸಿದರು. ರಾತ್ರಿ ಕಾಯಿ ಮೆತ್ತಗಾಗುವುದು ಪೇಟೆಯಲ್ಲಿ ಸಣ್ಣ ಹುಡುಗರಿಗೂ ಗೊತ್ತಿದೆ ಎಂದರು. ಹಾಗಾದರೆ ಯಾಕೆ ಮೂಸಿ ನೋಡಿದಿರಿ ಎಂದು ಕೇಳಿದೆ.

“ಗೊತ್ತಿತ್ರಿ. ಆದ್ರ ಕಲಿಸೋ ಬಾಯಾರು ಅಂದಾರಂದ್ರ ಏನರ ಇದ್ದೀತು ಅನ್ನಿಸ್ತು.”

ಈ ಮಾತು ನನ್ನ ಮುಖಕ್ಕೆ ಹೊಡೆದಂತಾಯಿತು. ಕುರ್ಚಿಯಲ್ಲಿ ಕೂರಲು ಮನಸ್ಸಾಗಲಿಲ್ಲ. ಒಂದು ಬೊಗಸೆ ಕಾಯಿ ಕೇಳಿ ಇಸಕೊಂಡು ಶಾಲೆಗೆ ಬಂದೆ.

ಆ ಕಾಯಿಗಳನ್ನು ಹಗಲೆಲ್ಲ ಅಂಗಳದ ಬಿಸಿಲಿಗೆ ಇಟ್ಟೆ. ಸಂಜೆ ಶಾಲೆ ಬಿಡುವ ಮುಂದೆ ಚಂದ್ರಶೇಖರನ ಕೈಯಿಂದ ಒಂದನ್ನು ಮುರಿಸಿದೆ. ಲಟಕ್ಕನೆ ಮುರಿಯಿತು. ಉಳಿದವನ್ನು ಕಿಟಕಿಯ ಹತ್ತಿರದ ಬೆಂಚಿನ ಮೇಲೆ ಹರವಿ, ಕೋಣೆಗೆ ಕೀಲಿ ಹಾಕಿ, ಕೀಲಿಕೈಯನ್ನು ಅವನಿಗೇ ಕೊಟ್ಟೆ. ಯಾರೋ ನೀರು ಹೊಡೆದರು ಎಂದು ನಾಳೆ ಯಾರೂ ಅನ್ನಬಾರದು, ನಾನಂತೂ ಅನ್ನಲೇಬಾರದು ಎಂದೆ.

ಮುಂಜಾನೆ ಅವನೇ ಬಾಗಿಲು ತೆರೆದ. ಕಾಯಿಗಳು ಕೈಯಿಂದ ಕೈಗೆ ಹೋದವು. ಎಲ್ಲರೂ ಮಡಚಿ ನೋಡಿದರು, ಒಂದೂ ಮುರಿಯಲಿಲ್ಲ. ನಾನು ಬೋರ್ಡಿನ ಮೇಲೆ ನಾಲ್ಕು ಬಾಣ ಬರೆದು, ಐದನೆಯದನ್ನು ಕೆಂಪು ಸೀಮೆಸುಣ್ಣದಲ್ಲಿ ಬರೆದೆ. ಇದು ರೋಷನಬಿ ಕಂಡದ್ದು, ನಾನು ಕಾಣದ್ದು, ಅಂದು ನಕ್ಕದ್ದು ನನ್ನ ತಪ್ಪು ಎಂದು ಹೇಳಿದೆ.

ತಿರುಗಿ ನೋಡಿದರೆ ರೋಷನಬಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನನ್ನ ಪುಸ್ತಕ. ಹೆಗಲಿಗೆ ಪಾಟಿಚೀಲ ಇರಲಿಲ್ಲ.

“ಪುಸ್ತಕ ಕೊಟ್ಟು ಬಾ ಅಂದಾಳ್ರಿ ಅವ್ವ,” ಎಂದಳು.

ಪುಸ್ತಕ ಕೈಗೆ ಬಂದರೆ ಹುಡುಗಿ ಹೋದಂತೆಯೇ. ನಾನು ಕೈ ಚಾಚಲಿಲ್ಲ. ಅವಳೂ ಒಳಗೆ ಬರಲಿಲ್ಲ. ಬೋರ್ಡನ್ನೇ ಬಹಳ ಹೊತ್ತು ನೋಡುತ್ತಿದ್ದಳು.

“ಬಾಯಾರ, ಸಮುದ್ರದ ನೀರು ಉಪ್ಪು ಬಿಟ್ಟು ಮ್ಯಾಲ ಹೋಗ್ತೈತಿ ಅಂದಿದ್ರಿ. ಮೆಣಸಿನಕಾಯಿ ನೀರೂ ಖಾರ ಬಿಟ್ಟು ಹೋಗಬೇಕಲ್ರಿ. ಹಂಗಾರ ನಮ್ಮೂರ ಗಾಳ್ಯಾಗ ಘಾಟು ಯಾಕ ಐತ್ರಿ?”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಆ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು. ಹನ್ನೊಂದು ವರ್ಷದಲ್ಲಿ ಉತ್ತರ ಹೊಳೆಯದಾಗಲೆಲ್ಲ ನಾನು ಗದರಿಸಿಯೇ ಪಾರಾಗಿದ್ದೆ.

“ನನಗ ಗೊತ್ತಿಲ್ಲವ್ವಾ ರೋಷನಬಿ,” ಎಂದೆ.

ಪುಸ್ತಕದಲ್ಲಿ ಇದೆಯೇನು ಎಂದು ಅವಳು ಕೇಳಿದಳು. ಪುಸ್ತಕದಲ್ಲಿಯೂ ಇಲ್ಲ, ಎಲ್ಲರೂ ಕೂಡಿ ಹುಡುಕಬೇಕು, ಪೇಟೆ ನೋಡಿದವರು ಒಬ್ಬರಾದರೂ ನಮ್ಮ ಜೊತೆ ಬೇಕು ಎಂದೆ. ಅವಳು ಹೊಸ್ತಿಲ ಮೇಲೆ ಇನ್ನಷ್ಟು ಹೊತ್ತು ನಿಂತಳು. ಆಮೇಲೆ ಒಳಗೆ ಬಂದು, ಕೊನೆಯ ಸಾಲಿನ ತನ್ನ ಜಾಗದಲ್ಲಿ ಕುಳಿತು, ಪಕ್ಕದವಳ ಪೆನ್ಸಿಲ್ಲು ಇಸಕೊಂಡಳು.

ನಾನು ಬೆಂಚುಗಳ ನಡುವೆ ಅಡ್ಡಾಡುತ್ತ ಅವಳ ಹಿಂದೆ ಹೋಗಿ ನೋಡಿದೆ. ನನ್ನ ಪುಸ್ತಕದ ಅಚ್ಚಾದ ಚಿತ್ರದಲ್ಲಿ, ಮೋಡಕ್ಕೂ ನದಿಗೂ ನಡುವಿನ ಖಾಲಿ ಜಾಗದಲ್ಲಿ ಒಂದು ಸಣ್ಣ ರಾಶಿ ಬರೆದು, ಅದರ ಕಡೆಗೆ ಒತ್ತಿ ಒತ್ತಿ ಬಾಣ ತಿದ್ದುತ್ತಿದ್ದಳು. ನಾನು ಬೈಯಲಿಲ್ಲ.