ಪಂಪಣ್ಣನ ತೋಳಿನ ಎಂಜಲು

೧೯೯೬ರ ಸಂಗತಿ. ಜವಳಗೇರಾದ ಪಂಪಣ್ಣನಿಗೂ ಪಕ್ಕದ ಗದ್ದೆಯ ನರಸಣ್ಣನಿಗೂ ಕಾಲುವೆ ನೀರಿನ ಪಾಳಿಗಾಗಿ ಮಾತಿಗೆ ಮಾತು ಬೆಳೆದು, ಕೈ ಕೈ ಮಿಲಾಯಿಸಿ, ಕೊನೆಗೆ ನರಸಣ್ಣ ಪಂಪಣ್ಣನ ತೋಳಿಗೇ ಬಾಯಿ ಹಾಕಿಬಿಟ್ಟ. ನೋಡಿದವರು ಯಾರೂ ಇರಲಿಲ್ಲ. ತಾನು ಕಚ್ಚಿಯೇ ಇಲ್ಲವೆಂದು ನರಸಣ್ಣ ಆಣೆ ಮಾಡಿದ. ಸಿಂಧನೂರಿಗೆ ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರಿಗೆ ಇಂಥದ್ದೇ ಬೇಕಿತ್ತು. ತರಬೇತಿಯಲ್ಲಿ ಕಲಿತದ್ದು ಇನ್ನೂ ಬಿಸಿಬಿಸಿಯಾಗಿತ್ತು. ಕಚ್ಚಿದ ಜಾಗದಲ್ಲಿ ಕಚ್ಚಿದವರ ಎಂಜಲು ಉಳಿದಿರುತ್ತದೆ, ಎಂಜಲಿನಿಂದಲೇ ಆಳು ಸಿಗುತ್ತಾನೆ ಎಂದವರು, ಡಾಕ್ಟರರಿಂದ ಗಾಯದ ಮೇಲೆ ಮೊದಲು ಒದ್ದೆ ಹತ್ತಿ, ಆಮೇಲೆ ಒಣ ಹತ್ತಿ ಆಡಿಸಿ, ನರಸಣ್ಣನ ರಕ್ತದ ಜೊತೆಗೆ ಡಿಎನ್‌ಎ ಪರೀಕ್ಷೆಗೆಂದು ಹೈದರಾಬಾದಿಗೆ ಕಳಿಸಿದರು.

ತಿಂಗಳುಗಟ್ಟಲೆ ಕಾಯಿಸಿ ಬಂದ ವರದಿ ಊರನ್ನೇ ನಗಿಸಿತು. ಎಂಜಲು ನರಸಣ್ಣನದಲ್ಲ, ಯಾವಳೋ ಹೆಂಗಸಿನದು.

ಪಂಪಣ್ಣನ ಹೆಂಡತಿ ಆದಮ್ಮ ಮಾತ್ರ ನಗಲಿಲ್ಲ. ಮೈಯೆಲ್ಲ ಉರಿದುಹೋಯಿತು. ಯಾರಾಕೆ ಎಂದು ಕೇಳಿದರೆ ಗಂಡ ಗೋಡೆ ನೋಡುತ್ತ ಕೂತ. ಒಂದು ಸುಳ್ಳಾದರೂ ಹೇಳಬಾರದೇ ಈ ಗಂಡಸು! ಇನ್ನು ಇವನ ಜೊತೆ ಬಾಳುವೆ ಸಾಕೆಂದು ಮಸ್ಕಿಯ ತವರಿಗೆ ಗಂಟು ಕಟ್ಟಿದಳು. ಆದರೆ ಸಂಸಾರ ಕೆಡಿಸಿದವಳ ಹೆಸರು ತಿಳಿಯದೆ ಹೋಗಲು ಮನಸ್ಸು ಒಪ್ಪಲಿಲ್ಲ. ಸಿಂಧನೂರಿನಲ್ಲೇ ಬಸ್ಸಿಳಿದು ಠಾಣೆಗೆ ನಡೆದಳು.

ವರದಿಯಲ್ಲಿ ಹೆಸರಿರುವುದಿಲ್ಲ, ಅವತ್ತು ನಡೆದದ್ದನ್ನು ಮೊದಲಿಂದ ಹೇಳು ಎಂದರು ಇನ್ಸ್‌ಪೆಕ್ಟರ್. ಗಂಡ ತೋಳು ಹಿಡಿದುಕೊಂಡು ಬಂದದ್ದು, ರಕ್ತ ಒಸರುತ್ತಿದ್ದದ್ದು ಎಲ್ಲವನ್ನೂ ಆದಮ್ಮ ಹೇಳುತ್ತ ಹೋದಳು.

"ಬದುವಿನ ಮ್ಯಾಲಿನ ಕರಿಕಿ ಹುಲ್ಲು ಕಿತ್ತು, ಬಾಯಾಗ ಹಾಕ್ಕೊಂಡು ನುಣ್ಣಗ ಅಗದು, ಗಾಯಕ್ಕ ತಿಕ್ಕಿ ತಿಕ್ಕಿ ಹಚ್ಚೀನ್ರೀ. ಹಲ್ಲಿನ ಗುರ್ತು ನಿಮಗ ಕಾಣ್ಲಿ ಅಂತ ಆಮ್ಯಾಲ ನಾನ ಒರಸಿ..."

ಇನ್ಸ್‌ಪೆಕ್ಟರ್ ತಲೆಯ ಮೇಲೆ ಕೈ ಹೊತ್ತು ಕೂತರು. ಇಷ್ಟು ದಿನ ತಾನು ಹಿಡಿಹಿಡಿ ಶಾಪ ಹಾಕಿದ್ದು ತನಗೇ ಎಂದು ತಿಳಿದು ಆದಮ್ಮನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವರು ಗದರಲಿಲ್ಲ, ಇನ್ನು ಯಾರಾದರೂ ಕಚ್ಚಿದರೆ ಮೊದಲು ಠಾಣೆಗೆ ಬಾ, ಹುಲ್ಲು ಆಮೇಲೆ ಅಗಿ ಎಂದು ಕಳಿಸಿಕೊಟ್ಟರು.

ಮಸ್ಕಿಯ ಬಸ್ಸು ಬಿಟ್ಟು ಜವಳಗೇರಾದ ಬಸ್ಸು ಹತ್ತಿದಳು. ಕಟ್ಟೆಯ ಮೇಲೆ ಕೂತಿದ್ದ ಗಂಡನಿಗೆ ತೊದಲುತ್ತಲೇ ಎಲ್ಲ ಹೇಳಿದಳು. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ವರದಿ ಬಂದ ದಿನಾನ ನನಗ ಗೊತ್ತಾತು" ಅಂದ.

"ಗೊತ್ತಿದ್ದೂ ಯಾಕ ಸುಮ್ಮನಿದ್ದಿ?"

"ಪುರಾವೆ ಕೆಡಿಸಿದವ್ರನ್ನ ಒಳಗ ಹಾಕ್ತೀನಿ ಅಂತ ಸಾಹೇಬ್ರು ಕೂಗಾಡಿದ್ರು. ನಿನಗ ಹೇಳಿದ್ರ ನೀ ತಡೀತಿದ್ದೇನು? ನೆಟ್ಟಗ ಠಾಣೇಕ ಹೋಗಿ, ನಾನ ಮಾಡೀನ್ರೀ ಅಂತಿದ್ದಿ."

ಆದಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಊರವರ ಕುಹಕವನ್ನೂ ತನ್ನ ಬೈಗುಳವನ್ನೂ ನುಂಗಿಕೊಂಡು ಕೂತಿದ್ದ ಈ ಮನುಷ್ಯನ ಮೇಲೆ, ಮದುವೆಯ ಹೊಸತರಲ್ಲೂ ಅವಳಿಗೆ ಇಷ್ಟು ಪ್ರೀತಿ ಉಕ್ಕಿರಲಿಲ್ಲ.

"ಈಗ ಠಾಣೇದಾಗ ಹಂಗ ಹೇಳೇ ಬಂದೀನಿ" ಅಂದಳು.