ಬ್ರೇಕಮ್ಮನ ಮೂರು ಚುಕ್ಕೆಗಳು

ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ ಬ್ರೇಕಮ್ಮ ಅನ್ನುತ್ತಿದ್ದರು. ಕಲಿಯುವವರು ಸ್ಟೀರಿಂಗ್ ಹಿಡಿದು ಕೂತರೆ, ಪಕ್ಕದ ಸೀಟಿನಲ್ಲಿ ಕೂತು ಕಲಿಸುವ ಇವಳ ಕಾಲಡಿಗೆ ಇನ್ನೊಂದು ಬ್ರೇಕು. ಅಪಾಯ ಬಂದಾಗ ಒತ್ತಲಿ ಅಂತ ಅದನ್ನು ಕೊಟ್ಟಿದ್ದು. ಇವಳೋ, ಅಪಾಯ ಬರಬಹುದು ಅನ್ನಿಸಿದಾಗಲೆಲ್ಲ ಒತ್ತುತ್ತಿದ್ದಳು, ಹಾಗೆ ಅನ್ನಿಸದ ಗಳಿಗೆಯೇ ಅವಳಿಗಿರಲಿಲ್ಲ. ಅವಳ ಕೈಕೆಳಗೆ ಕಲಿತವರು ಕಾರು ನಿಲ್ಲಿಸುವುದರಲ್ಲಿ ನಿಸ್ಸೀಮರು. ಓಡಿಸುವ ಮಾತು ಬೇರೆ ಬಿಡಿ.

ಇಂಥವಳ ಕೈಗೆ ಮನೆಯವರೆಲ್ಲ ಎಲ್ಲೆಲ್ಲಿದ್ದಾರೆ ಅಂತ ತೋರಿಸುವ ಆ್ಯಪು ಸಿಕ್ಕಿತು ಅಂದರೆ ಆ ಮನೆಯವರ ಗ್ರಹಚಾರ ಹೇಗಿರಬೇಕು! ಅಪ್ಪ ಅಮ್ಮ ಹೋದ ಮೇಲೆ ತಮ್ಮ ತಂಗಿಯರನ್ನು ಸಾಕಿದವಳು ಅವಳೇ, ಅದನ್ನು ಯಾರೂ ಇಲ್ಲವೆನ್ನುವುದಿಲ್ಲ. ತನಗೊಂದು ಮದುವೆ ಅಂತಲೂ ಮಾಡಿಕೊಳ್ಳಲಿಲ್ಲ. ಈಗ ತಮ್ಮನದು ಔಷಧಿ ಅಂಗಡಿ, ಅವನ ಹೆಂಡತಿ ಬ್ಯಾಂಕಿನಲ್ಲಿ, ತಂಗಿಯದು ಬ್ಯೂಟಿ ಪಾರ್ಲರು. ಮೂವರೂ ತಮ್ಮ ತಮ್ಮ ಬದುಕು ನೋಡಿಕೊಳ್ಳಬಲ್ಲರು ಅಂತ ಎಲ್ಲರೂ ನಂಬಿದ್ದರು, ಅಕ್ಕ ಒಬ್ಬಳನ್ನು ಬಿಟ್ಟು. ತಾನು ಒಂದು ದಿನ ಅವರ ಮೇಲಿನ ಕಣ್ಣು ತೆಗೆದರೆ ಮೂವರೂ ಹಾಳಾಗಿಹೋಗುತ್ತಾರೆ ಎನ್ನುವ ನಂಬಿಕೆಯ ಮೇಲೇ ಅವಳ ಜೀವ ನಿಂತಿತ್ತು. ಹಾಗಾಗಿ ಒಂದು ಸಂಜೆ ಮೂವರನ್ನೂ ಸೋಫಾದ ಮೇಲೆ ಸಾಲಾಗಿ ಕೂರಿಸಿ, ಫೋನು ಕಸಿದುಕೊಂಡು, ಲೊಕೇಶನ್ ಸೆಟ್ಟಿಂಗಿಗೆ ನುಗ್ಗಿ, "ಯಾವಾಗಲೂ" ಎಂಬಲ್ಲಿ ತಾನೇ ಬೆರಳೊತ್ತಿದಳು.

"ನಿಂದೂ ಆನ್ ಮಾಡ್ಕೋ ಅಕ್ಕ, ನಮಗೂ ಗೊತ್ತಾಗ್ಲಿ," ಅಂದ ತಮ್ಮ.

"ನಾನೇನು ಕಳ್ದುಹೋಗೋ ಮಗೂನೇನೋ? ನಂಗೂ ಒಂದು ಪ್ರೈವೆಸಿ ಅಂತ ಬೇಡ್ವಾ?"

ಆಹಾ, ಪ್ರೈವೆಸಿಯಂತೆ! ಮೂರು ಜನರ ಫೋನು ಮಡಿಲಲ್ಲಿಟ್ಟುಕೊಂಡು ಆಡಿದ ಮಾತಿದು. ತಮ್ಮನ ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಎದ್ದುಹೋದಳು.

ಅಂದಿನಿಂದ ನಕ್ಷೆಯ ಮೇಲಿನ ಮೂರು ಚುಕ್ಕೆಗಳೇ ಅಕ್ಕನ ಸಂಸಾರ. ಒಂದು ಚುಕ್ಕೆ ಎಲ್ಲಾದರೂ ನಿಂತರೆ ಸಾಕು, ಫೋನು. "ಲೋ, ಆ ಕಟ್ಟಡದಲ್ಲಿ ಹಲ್ಲಿನ ಡಾಕ್ಟ್ರಿದಾರೆ. ಹಲ್ಲು ನೋವು ಅಂತ ನಂಗ್ಯಾಕೆ ಹೇಳ್ಲಿಲ್ಲ?" "ಅದರ ಕೆಳಗೆ ಪಂಚರ್ ಅಂಗಡಿ ಇದೆ ಅಕ್ಕ, ಗಾಳಿ ಹಾಕಿಸ್ತಿದೀನಿ." ತಂಗಿಗೆ ಒಂದು ಮಧ್ಯಾಹ್ನ ತಲೆ ಕೆಟ್ಟೇಹೋಯಿತು. "ಅದು ನಮ್ಮ ಪಾರ್ಲರಿನ ಹಿಂದಿರೋ ಬಾತ್‌ರೂಮು ಅಕ್ಕ! ಅಲ್ಲಿಗೆ ಹೋದ್ರೂ ನಿನ್ನ ಕೇಳ್ಬೇಕಾ?" ಅಕ್ಕನಿಗೆ ಇದರಿಂದ ಕಿಂಚಿತ್ತೂ ನಾಚಿಕೆಯಾಗಲಿಲ್ಲ. ಹೊಟ್ಟೆ ಸರಿ ಇದೆಯಾ ಅಂತ ಕೇಳಿ, ನೀರು ಜಾಸ್ತಿ ಕುಡಿ ಅಂತ ಹೇಳಿ ಫೋನಿಟ್ಟಳು.

ಕೆಲವು ವಾರ ಕಳೆದ ಮೇಲೆ ಅವಳ ಕಣ್ಣಿಗೊಂದು ವಿಷಯ ಬಿತ್ತು. ಭಾನುವಾರ ಮಧ್ಯಾಹ್ನವಾದರೆ ಸಾಕು, ಮೂರೂ ಚುಕ್ಕೆಗಳು ತಮ್ಮನ ಮನೆಯಲ್ಲಿ ಒಂದರ ಮೇಲೊಂದು ಕೂತಿರುತ್ತಿದ್ದವು. ಸಂಜೆಯವರೆಗೆ ಕದಲುತ್ತಿರಲಿಲ್ಲ. ಮೊದಲ ಸಲ, ಒಗ್ಗಟ್ಟು ಅಂದರೆ ಇದು, ನಾನು ಬೆಳೆಸಿದ ರೀತಿ ಅಂತ ಹಿಗ್ಗಿದಳು. ಎರಡನೆಯ ಸಲ, ನನ್ನನ್ನು ಯಾಕೆ ಕರೆಯಲಿಲ್ಲ ಅನ್ನಿಸಿತು. ಮೂರನೆಯ ಸಲ ಮೈಯೆಲ್ಲ ಉರಿಯಿತು. ನನ್ನ ಬಿಟ್ಟು ಊಟವೇ? ನನ್ನ ಬಿಟ್ಟು ಮಾತುಕತೆಯೇ? ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ತಮ್ಮನ ಮನೆಯ ಬಾಗಿಲಿಗೆ ಬೀಗ. ಎಲ್ಲರ ಮನೆಯ ಬೀಗದ ಕೈಯೂ ಅವಳ ಚೀಲದಲ್ಲಿತ್ತು, ಇರದೆ ಇನ್ನೇನು? ತೆಗೆದು ಒಳಗೆ ಹೋಗಿ, ಒಳಗಿನಿಂದ ಮತ್ತೆ ಬೀಗ ತಿರುಗಿಸಿದಳು. ಒಂದು ನರಪಿಳ್ಳೆಯೂ ಇಲ್ಲ. ಊಟದ ಮೇಜಿನ ಮೇಲೆ ಒಂದು ಎಕ್ಸ್‌ಟೆನ್ಷನ್ ಬೋರ್ಡು, ಅದಕ್ಕೆ ಚುಚ್ಚಿದ ಮೂರು ಚಾರ್ಜರು, ಅವುಗಳ ತುದಿಗೆ ಗಾಜು ಒಡೆದ ಮೂರು ಹಳೆಯ ಫೋನುಗಳು. ಯಾವ ಫೋನಿನಿಂದ ಜಾಗ ತೋರಿಸಬೇಕು ಅಂತ ಆ ಸೆಟ್ಟಿಂಗಿನಲ್ಲಿ ಒಂದು ಸಾಲಿದ್ದದ್ದು ಅವಳಿಗೆ ಈಗ ಅರ್ಥವಾಯಿತು. ಭಾನುವಾರ ಬಂದರೆ ಮೂವರೂ ಅದನ್ನು ಈ ಹಳೆಯವಕ್ಕೆ ಬದಲಿಸಿ ಹೊರಡುತ್ತಿದ್ದರು. ತಾನು ಮೂರು ವಾರ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಈ ಗುಜರಿಯನ್ನು!

ಸೋಫಾದಲ್ಲಿ ಕುಸಿದು ಕೂತು ತಂಗಿಗೆ ಫೋನ್ ಮಾಡಿದಳು.

"ಎಲ್ಲಿದೀಯೇ?"

"ಅಣ್ಣನ ಮನೇಲಿ ಅಕ್ಕ. ಮ್ಯಾಪ್ ನೋಡಿಲ್ವಾ?"

"ಏನ್ ಮಾಡ್ತಿದೀಯ?"

"ಸೋಫಾದ ಮೇಲೆ ಕೂತು ಟೀವಿ ನೋಡ್ತಿದೀನಿ."

ಅದೇ ಸೋಫಾದ ಮೇಲೆ ಕೂತ ಅಕ್ಕ, ಎದುರಿಗೆ ಕಪ್ಪಗೆ ನಿಂತ ಟೀವಿಯನ್ನು ನೋಡಿದಳು. ಅಷ್ಟರಲ್ಲಿ ಫೋನಿನೊಳಗಿಂದ ಗುರುತಿಲ್ಲದ ಗಂಡಸಿನ ದನಿ, ಮೆಲ್ಲಗೆ: "ಫೋನ್ ಇಡಿ ಮೇಡಂ, ಕ್ಲಚ್ ನಿಧಾನಕ್ಕೆ ಬಿಡಿ. ಹೆದರ್ಬೇಡಿ, ನಾನು ಬ್ರೇಕ್ ಮುಟ್ಟಲ್ಲ."

ಅಕ್ಕ ಫೋನಿಟ್ಟಳು. ಕದ್ದುಮುಚ್ಚಿ ಸಿನಿಮಾಕ್ಕೆ ಹೋಗಿದ್ದರೆ ಬೈದು ಸುಮ್ಮನಾಗುತ್ತಿದ್ದಳು. ಕಾರು ಕಲಿಯುವುದಕ್ಕೆ ಬೇರೆ ಸ್ಕೂಲೇ? ಒಡಹುಟ್ಟಿದವಳು ಇಷ್ಟು ವರ್ಷ ಊರಿಗೆಲ್ಲ ಕಲಿಸುತ್ತಿರುವಾಗ, ಯಾವನೋ ದಾರಿಹೋಕನ ಹತ್ತಿರವೇ?

ಸ್ವಲ್ಪ ಹೊತ್ತಿಗೆ ಹೊರಗೆ ಕಾರಿನ ಸದ್ದಾಯಿತು. ಪರದೆಯ ಮರೆಯಲ್ಲಿ ನಿಂತು ನೋಡಿದಳು. ಸ್ಟೀರಿಂಗ್ ಹಿಡಿದವಳು ತಂಗಿ. ಎರಡು ಕಾರುಗಳ ನಡುವಿನ ಇಕ್ಕಟ್ಟಿನಲ್ಲಿ ರಿವರ್ಸ್ ತೆಗೆದು, ಒಂದೇ ಸಲಕ್ಕೆ, ಗೆರೆ ಎಳೆದ ಹಾಗೆ ನಿಲ್ಲಿಸಿದಳು. ಅಕ್ಕ ತಪ್ಪು ಹುಡುಕಿದಳು, ಸಿಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ತಮ್ಮ ಚಪ್ಪಾಳೆ ತಟ್ಟಿದ, ಅವನ ಹೆಂಡತಿ ಶಿಳ್ಳೆ ಹಾಕಿದಳು, ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತನ್ನೆದುರು ಇವರು ಒಂದು ದಿನವೂ ಹೀಗೆ ನಕ್ಕವರಲ್ಲ. ಅದು ಅವಳಿಗೆ, ಅವರು ಕದ್ದು ಕಾರು ಕಲಿತದ್ದಕ್ಕಿಂತ ಹೆಚ್ಚು ಚುಚ್ಚಿತು.

ಅವರು ಕಲಿಸುವವನ ಜೊತೆ ಬೀದಿಯಲ್ಲೇ ಮಾತಿಗೆ ನಿಂತಿದ್ದರು. ಅಕ್ಕ ತನ್ನ ಫೋನು ತೆಗೆದು ಸೆಟ್ಟಿಂಗಿಗೆ ಹೋದಳು. ನಿಮ್ಮ ಜಾಗವನ್ನು ಮನೆಯವರಿಗೆ ಒಂದು ಗಂಟೆ ತೋರಿಸಬೇಕೇ, ಒಂದು ದಿನವೇ, ಯಾವಾಗಲೂ ತೋರಿಸಬೇಕೇ ಅಂತ ಅದು ಮರ್ಯಾದೆಯಿಂದ ಕೇಳಿತು. ಯಾವಾಗಲೂ ಅಂತ ಒತ್ತಿ, ಆ ಮೂರು ಗುಜರಿಗಳ ಪಕ್ಕದಲ್ಲಿ ತನ್ನ ಫೋನನ್ನೂ ಮಲಗಿಸಿ, ಹಿತ್ತಿಲ ಬಾಗಿಲಿನಿಂದ ಆಚೆ ಬಂದು ಅಡುಗೆಮನೆಯ ಕಿಟಕಿಯ ಕೆಳಗೆ ಗೋಡೆಗೆ ಒರಗಿ ನಿಂತಳು.

ಮುಂಬಾಗಿಲು ತೆರೆಯಿತು. ನಗು ಮೇಜಿನವರೆಗೆ ಬಂದು ಗಕ್ಕನೆ ನಿಂತಿತು.

"ಇದು ಅಕ್ಕನ ಫೋನು ಕಣೇ," ಅಂದ ತಮ್ಮ.

"ಅಯ್ಯೋ, ಸತ್ವಿ! ಅಕ್ಕ ಎಲ್ಲಿ?" ಅಂದಳು ತಂಗಿ.

"ತಡಿ ನೋಡ್ತೀನಿ... ಅಕ್ಕನೂ ಲೊಕೇಶನ್ ಆನ್ ಮಾಡಿದಾಳೆ! ಮ್ಯಾಪಲ್ಲಿ ಇಲ್ಲೇ ಇದಾಳೆ ಅಂತ ತೋರಿಸ್ತಿದೆ."

"ನಿನ್ನ ಮ್ಯಾಪಿಗಿಷ್ಟು ಬೆಂಕಿ ಹಾಕ! ಅಕ್ಕಾ! ಅಕ್ಕಾ!"

ಕೋಣೆ ಕೋಣೆಯ ಬಾಗಿಲುಗಳು ಬಡಿದುಕೊಂಡವು. ತಂಗಿಯ ದನಿ ಒಡೆದುಹೋಗಿತ್ತು. ಚಿಕ್ಕವಳಿದ್ದಾಗ ಸಂತೆಯ ಜನದ ನಡುವೆ ಕೈ ತಪ್ಪಿದರೆ ಹೀಗೇ ಕೂಗುತ್ತಿದ್ದಳು. ಅಕ್ಕನ ಕಣ್ಣು ತುಂಬಿಬಂತು. ಇಲ್ಲೇ ಇದೀನಿ ಕಣೇ ಅನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಪಾಪ ಅನ್ನಿಸಿತು, ಆದರೆ ಅಷ್ಟು ಹಿತವಾದ ಸದ್ದನ್ನು ಅವಳು ಕೇಳಿ ಎಷ್ಟು ಕಾಲವಾಗಿತ್ತೋ.

ಇನ್ನೊಂದು ಸಲ ಕೂಗಲಿ, ಹೋಗೋಣ ಅಂತ ಕಾದಳು. ತಂಗಿ ಇನ್ನೊಂದು ಸಲ ಕೂಗಿದಳು. ಅಕ್ಕ ಗೋಡೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಮತ್ತೊಂದು ಸಲ ಕೂಗಲಿ ಅಂತ ಅಲ್ಲೇ ನಿಂತಳು.